ಮೊದಲ ಮ್ಯಾರಥಾನನ್ನು ಎಷ್ಟು ತಡ ಮಾಡಬಹುದೋ ಅಷ್ಟು ತಡ ಮಾಡಿ

ಕಳೆದ ಡಿಸೆಂಬರ್‌ನಲ್ಲಿ ಒಬ್ಬ ಹುಡುಗ ಅಪ್ಪನ ಬೈಕಿನ ಹಿಂದೆ ಕೂತು ನಮ್ಮ ಗ್ರೌಂಡಿಗೆ ಬಂದ. ಹದಿನೇಳು ವರ್ಷ, ಕಡ್ಡಿ ಹಾಗೆ ಇದ್ದ, ಕುತ್ತಿಗೆಯಲ್ಲಿ ಮೆಡಲ್. ಹಿಂದಿನ ಭಾನುವಾರ ಯಾವುದೋ ಊರಿನಲ್ಲಿ ಫುಲ್ ಮ್ಯಾರಥಾನ್ ಓಡಿದ್ದನಂತೆ. ಮೂರು ಗಂಟೆ ನಾಲ್ಕು ನಿಮಿಷ. ಐದು ಸಾವಿರ ರೂಪಾಯಿ ಬಹುಮಾನ. ವಯಸ್ಸು ಎಷ್ಟು ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಗ್ಯಾಲರಿಯ ಮೆಟ್ಟಿಲನ್ನು ಅವನು ಹಿಮ್ಮುಖವಾಗಿ ಇಳಿಯುತ್ತಿದ್ದ. ತೊಡೆ ಅಷ್ಟು ಬಿಗಿದಿತ್ತು.

ಅಪ್ಪ ಕೇಳಿದರು: "ಸಾರ್, ಇವ್ನು ಒಲಿಂಪಿಕ್ಸ್‌ಗೆ ಹೋಗ್ಬೇಕು ಅಂದ್ರೆ ಏನ್ ಮಾಡ್ಬೇಕು?"

"ಇನ್ನು ಐದು ವರ್ಷ ಮ್ಯಾರಥಾನ್ ಓಡ್ಬಾರ್ದು," ಅಂದೆ.

ತಮಾಷೆ ಮಾಡ್ತಿದೀನಿ ಅಂದುಕೊಂಡು ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅವತ್ತು ಅವರಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇದು ಖುಷಿಗೆ, ಆರೋಗ್ಯಕ್ಕೆ ಓಡುವವರಿಗಲ್ಲ. ಅವರು ಹೇಗೆ ಬೇಕಾದರೂ ಓಡಲಿ. ಓಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅನ್ನೋ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ.

ಹೇಳೋಕೆ ನಾನ್ಯಾರು? ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರ, ಈಗ ಮೈಸೂರಿನಲ್ಲಿ ಬೆಳಗ್ಗೆ ಬೆಳಗ್ಗೆ ಹನ್ನೆರಡು ಮಕ್ಕಳನ್ನು ಓಡಿಸುತ್ತೇನೆ. ನನ್ನ ಅತ್ಯುತ್ತಮ ಸಮಯ 2:23:40, ಅಂದರೆ ಎರಡು ಗಂಟೆ 23 ನಿಮಿಷ 40 ಸೆಕೆಂಡ್. ಕೇಳೋಕೆ ಚೆನ್ನಾಗಿದೆ. ಆದರೆ 2022ರಲ್ಲಿ ಬರ್ಲಿನ್‌ನಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ 2:01:09ಕ್ಕೆ ಗೆರೆ ದಾಟಿದಾಗ ನಾನು ಅದೇ ರಸ್ತೆಯಲ್ಲಿ ನನ್ನ ಜನ್ಮದ ಓಟ ಓಡುತ್ತಿದ್ದಿದ್ದರೆ ಅವರಿಗಿಂತ ಆರೂವರೆ ಕಿಲೋಮೀಟರ್ ಹಿಂದೆ ಇರುತ್ತಿದ್ದೆ. ಲೆಕ್ಕ ಹಾಕಿ ನೋಡಿದ್ದೇನೆ. ಹಾಗಾಗಿ ಇದು ಗೆದ್ದವನ ಪಾಠ ಅಲ್ಲ. ಎಲ್ಲೆಲ್ಲಿ ಎಡವಿದೆ ಅಂತ ಗೊತ್ತಿರೋನ ಪಾಠ.

ಮೊದಲು ಟ್ರ್ಯಾಕ್

ಒಂದು ದೇಹದಲ್ಲಿ ಪ್ರಾಣ ಕೊಟ್ಟು ಓಡಬಲ್ಲ ಮ್ಯಾರಥಾನ್‌ಗಳು ಎಣಿಸಿದಷ್ಟೇ ಇರುತ್ತವೆ. ಇದು ನನ್ನ ನಂಬಿಕೆ. ಕಿಪ್ಚೋಗೆ 2013ರಿಂದ 2023ರವರೆಗೆ ಯಾವ ವರ್ಷವೂ ಎರಡಕ್ಕಿಂತ ಹೆಚ್ಚು ಓಡಲಿಲ್ಲ. ನಮ್ಮ ಹುಡುಗರು ಒಂದೇ ಚಳಿಗಾಲದಲ್ಲಿ ನಾಲ್ಕು ಓಡುತ್ತಾರೆ. ಇಲ್ಲಿ ಐದು ಸಾವಿರ, ಅಲ್ಲಿ ಎಂಟು ಸಾವಿರ, ಇನ್ನೊಂದು ಕಡೆ ಒಂದು ಸೈಕಲ್. ಇಪ್ಪತ್ತಮೂರಕ್ಕೆ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ.

ಕಿಪ್ಚೋಗೆ ಹಾದಿ ಹೇಗಿತ್ತು ನೋಡಿ. 2003ರಲ್ಲಿ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನ 5,000 ಮೀಟರ್ ಓಟ. ಹದಿನೆಂಟರ ಹುಡುಗ. ಆ ಕಾಲದ ದೊಡ್ಡ ಓಟಗಾರರಾದ ಹಿಶಾಮ್ ಎಲ್ ಗೆರೂಜ್, ಕೆನೆನಿಸಾ ಬೆಕೆಲೆ ಇಬ್ಬರನ್ನೂ ಹಿಂದೆ ಹಾಕಿ ಗೆದ್ದ. ಗೆರೂಜ್‌ಗೂ ಅವನಿಗೂ ಇದ್ದ ಅಂತರ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಮುಂದೆ 2004ರ ಅಥೆನ್ಸ್‌ನಲ್ಲಿ ಕಂಚು, 2008ರ ಬೀಜಿಂಗ್‌ನಲ್ಲಿ ಬೆಳ್ಳಿ, ಎರಡೂ 5,000 ಮೀಟರ್‌ನಲ್ಲೇ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನ ಕೀನ್ಯಾ ತಂಡದಲ್ಲಿ ಜಾಗ ಸಿಗಲಿಲ್ಲ. ಆಗ ರಸ್ತೆಗೆ ಬಂದರು. 2013ರ ಏಪ್ರಿಲ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನ್, 2:05:30, ಮೊದಲ ಸ್ಥಾನ. ಟ್ರ್ಯಾಕಿನಲ್ಲಿ ವಿಶ್ವ ಚಾಂಪಿಯನ್ ಆಗಿ ಹತ್ತು ವರ್ಷದ ಮೇಲೆ! 2:01:09 ಬಂದಾಗ ವಯಸ್ಸು 37.

ಯಾಕೆ ಹೀಗೆ? 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ಗಂಡಸರ ನೇರ ಅರ್ಹತೆ 2:06:30 ಇತ್ತು. ಅಂದರೆ ಒಂದು ಕಿಲೋಮೀಟರಿಗೆ ಮೂರು ನಿಮಿಷ, ಹೀಗೆ 42.195 ಕಿ.ಮೀ. ಈಗ ನಿಮ್ಮ ಹುಡುಗ 5,000 ಮೀಟರನ್ನು ಉಸಿರು ಬಿಟ್ಟು ಓಡಿದರೆ 15:30, ಅಂದರೆ ಹದಿನೈದೂವರೆ ನಿಮಿಷ ಬರುತ್ತದೆ ಅಂದುಕೊಳ್ಳಿ. ಕಿಲೋಮೀಟರಿಗೆ 3:06. ಐದೇ ಕಿಲೋಮೀಟರ್ ಮೂರು ನಿಮಿಷದಂತೆ ಓಡಲಾರದವನು ನಲವತ್ತೆರಡು ಹೇಗೆ ಓಡುತ್ತಾನೆ? ದೂರ ಓಡೋ ಶಕ್ತಿಯನ್ನು ಇಪ್ಪತ್ತೈದರ ಮೇಲೂ ಬೆಳೆಸಬಹುದು. ಕಾಲಿನ ವೇಗ ಹಾಗಲ್ಲ. ಚಿಕ್ಕ ವಯಸ್ಸಲ್ಲಿ ಹಿಡಿಯದಿದ್ದರೆ ಆಮೇಲೆ ಕೈಗೆ ಸಿಗೋದು ಕಷ್ಟ.

ನನ್ನ ಹತ್ತಿರ ಬರೋ ಮಕ್ಕಳಿಗೆ ನಾನು ಇಟ್ಟಿರೋ ಗೆರೆ ಹೀಗಿದೆ. ಹುಡುಗರು 5,000 ಮೀಟರ್ 14:30ರೊಳಗೆ, 10,000 ಮೀಟರ್ 30 ನಿಮಿಷದೊಳಗೆ ಬರೋವರೆಗೆ ಹಾಫ್ ಮ್ಯಾರಥಾನ್ ಮಾತೆತ್ತುವ ಹಾಗಿಲ್ಲ. ಹಾಫ್ 65 ನಿಮಿಷದೊಳಗೆ ಬರದೆ ಫುಲ್ ಇಲ್ಲ. ಇದು ಶಾಸ್ತ್ರದಲ್ಲಿ ಬರೆದಿದ್ದಲ್ಲ, ನನ್ನದು. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ಮ್ಯಾರಥಾನ್‌ಗೆ ಮಾತ್ರ ಆ ವರ್ಷಕ್ಕೆ 20 ತುಂಬಬೇಕು ಅನ್ನೋದು ನಿಜವಾದ ನಿಯಮ.

ಈಗಿನ ಹುಡುಗರು ತಕ್ಷಣ ಕೀನ್ಯಾದವನೇ ಆದ ಕೆಲ್ವಿನ್ ಕಿಪ್ಟಮ್ ಹೆಸರು ಹೇಳುತ್ತಾರೆ. "ಸಾರ್, ಅವ್ನು ಟ್ರ್ಯಾಕ್ ಓಡ್ಲೇ ಇಲ್ವಲ್ಲ?" ಸರಿ. 2022ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾದಲ್ಲಿ ಮೊದಲ ಮ್ಯಾರಥಾನೇ 2:01:53. ಮುಂದಿನ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ 2:01:25. ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲಿ 2:00:35, ವಿಶ್ವದಾಖಲೆ. ಓಡಿದ್ದು ಮೂರೇ. 2024ರ ಫೆಬ್ರವರಿಯಲ್ಲಿ ಕಾರು ಅಪಘಾತದಲ್ಲಿ ಕೋಚ್ ಜೊತೆಗೇ ಹೋಗಿಬಿಟ್ಟ, 24 ವರ್ಷಕ್ಕೆ. ನನಗೆ ಅವತ್ತು ಊಟ ಸೇರಲಿಲ್ಲ. ಆದರೆ ಹುಡುಗರು ಮರೆಯುವುದು ಒಂದನ್ನ. ಅವನೂ ಮೊದಲ ಫುಲ್‌ಗೆ ಮುಂಚೆ ವರ್ಷಗಟ್ಟಲೆ ಹಾಫ್ ಓಡಿ ಓಡಿ ಗಟ್ಟಿಯಾಗಿದ್ದ. ಟ್ರ್ಯಾಕ್ ಬಿಟ್ಟಿರಬಹುದು, ಕಾಯುವುದನ್ನು ಬಿಟ್ಟಿರಲಿಲ್ಲ.

ಕೆಲಸ

ನಮ್ಮ ದೇಶದಲ್ಲಿ ಮ್ಯಾರಥಾನ್ ಓಟಗಾರನಿಗೆ ಸಂಬಳ ಕೊಡುವುದು ಓಟ ಅಲ್ಲ, ನೌಕರಿ. ಸೈನ್ಯ, ರೈಲ್ವೆ, ಪೊಲೀಸ್, ಅಂಚೆ ಇಲಾಖೆ. ಶಿವನಾಥ್ ಸಿಂಗ್, ನಿತೇಂದ್ರ ಸಿಂಗ್ ರಾವತ್, ಟಿ. ಗೋಪಿ, ಮೂವರೂ ಸೈನ್ಯದವರೇ. ಗೋಪಿ ರಿಯೊ ಒಲಿಂಪಿಕ್ಸ್‌ನಲ್ಲಿ 2:15:25ಕ್ಕೆ 25ನೆಯವರಾಗಿ ಬಂದರು, ಮರುವರ್ಷ ಏಷ್ಯನ್ ಮ್ಯಾರಥಾನ್ ಗೆದ್ದರು. ಪುಣೆಯಲ್ಲಿ ಸೈನ್ಯದ ಕ್ರೀಡಾ ಸಂಸ್ಥೆ ಇದೆ. ಹುಡುಗರಿಗೆ ಊಟ, ಕೋಚ್, ಫಿಜಿಯೊ ಎಲ್ಲ ಒಂದೇ ಕಡೆ ಸಿಗುವ ಜಾಗ ನಮ್ಮಲ್ಲಿ ಜಾಸ್ತಿ ಇಲ್ಲ.

ಒಂದು ಮಾತು ಅಪ್ಪ ಅಮ್ಮ ಗಮನಿಸಿ. ಕ್ರೀಡಾ ಕೋಟಾಗೆ ಊರೂರಿನ ರೋಡ್ ರೇಸ್ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುವುದಿಲ್ಲ. ಅಂತರ ವಿಶ್ವವಿದ್ಯಾಲಯ ಕೂಟ, ರಾಷ್ಟ್ರೀಯ ಕೂಟ, ಇಂಥವೇ ಬೇಕು. ನಾನು ಅರ್ಜಿ ಹಾಕಿದಾಗ ಒಂದು ಚೀಲ ತುಂಬ ಮೆಡಲ್ ಹೊತ್ತುಕೊಂಡು ಹೋಗಿದ್ದೆ. ಕ್ಲರ್ಕ್ ಚೀಲ ಮುಟ್ಟಲೂ ಇಲ್ಲ. ವಿಶ್ವವಿದ್ಯಾಲಯದ 10,000 ಮೀಟರ್‌ನ ಒಂದು ಹಾಳೆ, ಅದೂ ಮೂಲೆ ಹರಿದಿದ್ದು, ಅದೇ ನನಗೆ ಕೆಲಸ ಕೊಟ್ಟಿತು. ಟ್ರ್ಯಾಕ್ ಮೊದಲು ಅನ್ನೋದಕ್ಕೆ ಇದು ಎರಡನೇ ಕಾರಣ. ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಜೆರಾಕ್ಸ್ ತೆಗೆಸಿ ಮೂಲವನ್ನು ಫೈಲಿನಲ್ಲಿಡಿ.

ವಾರ

ಕಿಪ್ಚೋಗೆ ಇರುವ ಶಿಬಿರ ಕೀನ್ಯಾದ ಕಪ್ಟಗಟ್‌ನಲ್ಲಿದೆ, ಸಮುದ್ರ ಮಟ್ಟದಿಂದ ಸುಮಾರು 2,400 ಮೀಟರ್ ಎತ್ತರ. ಕೋಚ್ ಪ್ಯಾಟ್ರಿಕ್ ಸಾಂಗ್, ತಾವೇ 1992ರ ಬಾರ್ಸಿಲೋನಾದಲ್ಲಿ ಸ್ಟೀಪಲ್‌ಚೇಸ್, ಅಂದರೆ ಅಡೆತಡೆ ಹಾರಿ ಓಡುವ ಓಟದಲ್ಲಿ ಬೆಳ್ಳಿ ಗೆದ್ದವರು. ಅಲ್ಲಿನ ವಾರ ಜಗತ್ತಿಗೇ ಗೊತ್ತು, ಗುಟ್ಟೇನಿಲ್ಲ. ಮಂಗಳವಾರ ಟ್ರ್ಯಾಕ್. ಗುರುವಾರ ಉದ್ದ ಓಟ, ಒಂದು ವಾರ 30 ಕಿ.ಮೀ., ಮುಂದಿನ ವಾರ 40. ಶನಿವಾರ ಫಾರ್ಟ್ಲೆಕ್, ಅಂದರೆ ನಡುನಡುವೆ ಜೋರು, ನಡುನಡುವೆ ನಿಧಾನ. ಉಳಿದಿದ್ದೆಲ್ಲ ಸಲೀಸು ಓಟ. ವಾರಕ್ಕೆ ಹೆಚ್ಚು ಕಡಿಮೆ 200 ಕಿ.ಮೀ. ಕೋಟಿಗಟ್ಟಲೆ ದುಡಿದ ಮನುಷ್ಯ ಶಿಬಿರದಲ್ಲಿ ಸರದಿ ಬಂದಾಗ ಟಾಯ್ಲೆಟ್ ತೊಳೆಯುತ್ತಾರೆ. ನನ್ನ ಹುಡುಗರಿಗೆ ಗ್ರೌಂಡ್‌ನಲ್ಲಿ ಕೋನ್ ಎತ್ತಿಡಿ ಅಂದ್ರೆ ಮುಖ ಊದಿಸ್ತಾರೆ.

ವಾರದ ಪಟ್ಟಿ ನಕಲು ಮಾಡುವುದು ಸುಲಭ. ನಕಲು ಮಾಡಲಾಗದ್ದು ಆ 'ಸಲೀಸು' ಅನ್ನೋ ಪದ. ಕಪ್ಟಗಟ್‌ನ ಹುಡುಗರು ಬೆಳಗ್ಗೆ ಆರಕ್ಕೆ ಹೊರಟಾಗ ಮೊದಲ ಕಿಲೋಮೀಟರ್ ಕಾಲೆಳೆದುಕೊಂಡು ಹೋಗುವ ಹಾಗೆ ಇರುತ್ತದೆ. ನಮ್ಮವರು? ಕುಕ್ಕರಹಳ್ಳಿ ಕೆರೆ ಸುತ್ತ ಸಲೀಸಾಗಿ ಓಡಿ ಬನ್ನಿ ಅಂತ ಕಳಿಸುತ್ತೇನೆ. ಹತ್ತು ನಿಮಿಷಕ್ಕೆ ಒಬ್ಬ ಇನ್ನೊಬ್ಬನ ಹೆಗಲು ದಾಟುತ್ತಾನೆ, ಮತ್ತೊಬ್ಬನಿಗೆ ರೋಷ ಬರುತ್ತದೆ, ಕೊನೆಗೆ ವಾಕಿಂಗ್ ಬಂದ ಅಜ್ಜಂದಿರೆಲ್ಲ ಪಕ್ಕಕ್ಕೆ ಸರಿಯಬೇಕು. ಮಂಗಳವಾರ ಟ್ರ್ಯಾಕಿಗೆ ಬಂದಾಗ ಎಲ್ಲರ ಕಾಲೂ ಸತ್ತಿರುತ್ತದೆ. ನನ್ನ ಪರೀಕ್ಷೆ ಒಂದೇ. ಸಲೀಸು ಓಟದಲ್ಲಿ ಪಕ್ಕದವನಿಗೆ ನಿನ್ನೆಯ ಕ್ರಿಕೆಟ್ ಮ್ಯಾಚ್ ಕಥೆಯನ್ನು ಪೂರ್ತಿ ಹೇಳೋಕೆ ಆಗಬೇಕು. ಉಸಿರು ಮಧ್ಯೆ ಬಂದರೆ ಜಾಸ್ತಿ ಆಯಿತು.

ಒಂದು ನೋಟ್‌ಬುಕ್ ಇಡಿ. ಕಿಪ್ಚೋಗೆ 2003ರಿಂದ ಪ್ರತಿ ದಿನದ ಓಟವನ್ನು ಬರೆದಿಡುತ್ತಾ ಬಂದಿದ್ದಾರೆ. ನಾನು ಮಕ್ಕಳಿಗೆ ನಾಲ್ಕು ಗೆರೆ ಎಳೆಸುತ್ತೇನೆ: ಎದ್ದ ತಕ್ಷಣದ ನಾಡಿ, ನಿದ್ದೆ ಎಷ್ಟು ಗಂಟೆ, ಓಡಿದ್ದು ಎಷ್ಟು, ನೋವು ಎಲ್ಲಿ. ಕೊನೆಯದೇ ಮುಖ್ಯ. ನನ್ನ ಹಳೇ ನೋಟ್‌ಬುಕ್‌ನಲ್ಲಿ ಒಂದು ಪುಟ ಇದೆ. ಹನ್ನೊಂದು ದಿನ ಸತತವಾಗಿ "ಎಡ ಮೊಣಕಾಲ ಕೆಳಗೆ ಸ್ವಲ್ಪ" ಅಂತ ನನ್ನದೇ ಅಕ್ಷರ. ಹನ್ನೆರಡನೇ ದಿನ 34 ಕಿ.ಮೀ. ಓಡಿದೆ. ಅದರ ಮುಂದೆ ಏನೂ ಬರೆದಿಲ್ಲ. ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ ಏನೂ ಇಲ್ಲ, ಸ್ನಾಯು ನೋವು ಅಂದರು. ಇನ್ನೂ ಹತ್ತು ದಿನ ಓಡಿದೆ. ಆಮೇಲೆ ಎಂಆರ್‌ಐಯಲ್ಲಿ ಮೂಳೆ ಸೀಳಿದ್ದು ಕಂಡಿತು. ಇಂಥ ಕೂದಲೆಳೆ ಸೀಳು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ. ಒಂದೇ ಬೆರಳಿನಿಂದ ಮುಟ್ಟಿ ತೋರಿಸಬಹುದಾದ ನೋವು ಮೂಳೆಯ ಮೇಲಿದ್ದರೆ ಅವತ್ತೇ ಓಟ ನಿಲ್ಲಿಸಿ. ಅಂಗೈ ಇಟ್ಟು ತೋರಿಸುವ ನೋವಾದರೆ ಎರಡು ದಿನ ನೋಡಬಹುದು.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಕೀನ್ಯಾದವರು ಉಗಾಲಿ ತಿನ್ನುತ್ತಾರೆ, ಮುಸುಕಿನ ಜೋಳದ ಹಿಟ್ಟಿನದು, ನಮ್ಮ ಮುದ್ದೆಯ ತಮ್ಮನೇ ಅನ್ನಿ. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಹಾಲು, ಬಾಳೆಹಣ್ಣು ಇದ್ದರೆ ಅರ್ಧ ಯುದ್ಧ ಮುಗಿಯಿತು. ವರ್ಷಕ್ಕೆ ಎರಡು ಸಲ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ) ಪರೀಕ್ಷೆ ಮಾಡಿಸಿ, ಹುಡುಗಿಯರಿಗಂತೂ ತಪ್ಪಿಸಬೇಡಿ. "ಸೋಮಾರಿ ಆಗ್ಬಿಟ್ಲು" ಅಂತ ಬೈಸಿಕೊಂಡ ಎಷ್ಟೋ ಹುಡುಗಿಯರಿಗೆ ಇರೋದು ಸೋಮಾರಿತನ ಅಲ್ಲ, ಕಬ್ಬಿಣದ ಕೊರತೆ.

ಎತ್ತರದ ತಾಲೀಮಿಗೆ ಕೀನ್ಯಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಮೈಸೂರು 750 ಮೀಟರ್ ಆಸುಪಾಸು, ಊಟಿ 2,200. ನಾಲ್ಕು ಗಂಟೆ ಬಸ್ಸು. ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆ ಇರೋದರಿಂದ ದೇಹ ಕೆಂಪು ರಕ್ತಕಣ ಹೆಚ್ಚು ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ ವಾರಗಳು ಬೇಕು. ಕನಿಷ್ಠ ಮೂರು. ವೀಕೆಂಡ್ ಹೋಗಿ ಬಂದು ಆಲ್ಟಿಟ್ಯೂಡ್ ಟ್ರೈನಿಂಗ್ ಅಂತ ಫೋಟೊ ಹಾಕಿದರೆ ವರ್ಕಿ ಬಿಸ್ಕತ್ತು ತಿಂದ ಲಾಭ ಅಷ್ಟೇ.

ಯಾವ ಓಟ

ಸಮಯ ಬೇಕಾ, ಸ್ಥಾನ ಬೇಕಾ ಅಂತ ಮೊದಲು ತೀರ್ಮಾನ ಮಾಡಿ. ಎರಡೂ ಒಂದೇ ಕಡೆ ಸಿಗೋದು ಅಪರೂಪ.

ಸಮಯ ಯಾಕೆ ಮುಖ್ಯ ಅಂದರೆ ಗೆರೆ ಮೇಲೆ ಮೇಲೆ ಹೋಗುತ್ತಿದೆ. ರಿಯೊ 2016ಕ್ಕೆ ಗಂಡಸರ ಅರ್ಹತೆ 2:19:00. ಟೋಕಿಯೊ ಒಲಿಂಪಿಕ್ಸ್‌ಗೆ 2:11:30. ಪ್ಯಾರಿಸ್ 2024ಕ್ಕೆ 2:08:10. ಹೆಂಗಸರದ್ದು 2:45ರಿಂದ 2:29:30ಕ್ಕೆ, ಅಲ್ಲಿಂದ 2:26:50ಕ್ಕೆ. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಓಡಿದ 2:12:00 ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಮ್ಮ ರಾಷ್ಟ್ರೀಯ ದಾಖಲೆಯಾಗಿ ನಿಂತಿತ್ತು. ಆ ಓಟಕ್ಕೆ ಟೋಕಿಯೊ ನೇರ ಟಿಕೆಟ್ ಕೂಡ ಸಿಗುತ್ತಿರಲಿಲ್ಲ. ರ‍್ಯಾಂಕಿಂಗ್ ಮೂಲಕ ಹೋಗುವ ಬಾಗಿಲು ಇನ್ನೊಂದಿದೆ. ಅದಕ್ಕೆ ದೊಡ್ಡ ಓಟಗಳಲ್ಲಿ ಒಳ್ಳೆಯ ಸ್ಥಾನ ಬೇಕು. (ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 2:50:45ಕ್ಕೆ 19ನೆಯವರಾಗಿ ಬಂದಿದ್ದರು. ಆವತ್ತು ದೂರವೂ ಇವತ್ತಿಗಿಂತ ಅರ್ಧ ಕಿಲೋಮೀಟರ್ ಜಾಸ್ತಿ ಇತ್ತು. ನಮ್ಮ ರಾಜ್ಯದ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲದಿರುವುದು ನನಗೆ ಬೇಜಾರು.)

ಸಮಯ ಬೇಕಾದರೆ ಸಮತಟ್ಟಾದ, ತಣ್ಣಗಿನ ಊರು ಹುಡುಕಿ. ಬರ್ಲಿನ್, ವೆಲೆನ್ಸಿಯಾ ಇಂಥವು. ಇಳಿಜಾರು ಇದ್ದರೆ ಒಳ್ಳೇದಲ್ವಾ ಅನ್ನಬೇಡಿ. ಶುರುವಿನಿಂದ ಕೊನೆಗೆ ಕಿಲೋಮೀಟರಿಗೆ ಒಂದು ಮೀಟರ್‌ಗಿಂತ ಹೆಚ್ಚು ಇಳಿದರೆ ಅದು ದಾಖಲೆಗೆ ಲೆಕ್ಕಕ್ಕಿಲ್ಲ. ಜಾಫ್ರಿ ಮುತಾಯ್ 2011ರಲ್ಲಿ ಬಾಸ್ಟನ್‌ನಲ್ಲಿ 2:03:02 ಓಡಿದರೂ ವಿಶ್ವದಾಖಲೆ ಅನ್ನಿಸಿಕೊಳ್ಳಲಿಲ್ಲ.

ಮುಂಬೈ ಬೇರೆ ಥರ. ಜನವರಿ ಅಂದರೂ ಸೆಕೆ. ಸಾಮಾನ್ಯರು ಕತ್ತಲಲ್ಲೇ ಹೊರಟರೆ ಎಲೈಟ್‌ಗಳು, ಅಂದರೆ ಮುಂಚೂಣಿಯ ಓಟಗಾರರು, ಏಳು ಗಂಟೆ ದಾಟಿದ ಮೇಲೆ ಹೊರಡುತ್ತಾರೆ. ಕೊನೆಯ ಭಾಗದಲ್ಲಿ ಪೆಡ್ಡರ್ ರೋಡ್ ಏರು. ಅಷ್ಟೊತ್ತಿಗೆ ಸೂರ್ಯ ನೆತ್ತಿಗೆ ಬಡಿಯುತ್ತಿರುತ್ತಾನೆ. ನಾನು ಅಲ್ಲಿ ಎರಡು ಸಲ ಓಡಿದ್ದೇನೆ, ಎರಡು ಸಲವೂ ಆ ಏರಿನಲ್ಲಿ ಮೂರು ಮೂರು ಜನ ನನ್ನನ್ನು ದಾಟಿದರು. ಮೂರನೇ ಸಲ ಹೋಗಿದ್ದಿದ್ದರೆ ಚಾಮುಂಡಿ ಬೆಟ್ಟವನ್ನು 30 ಕಿ.ಮೀ. ಓಡಿದ ಮೇಲೆ ಹತ್ತುವ ತಾಲೀಮು ಮಾಡಿಕೊಂಡು ಹೋಗುತ್ತಿದ್ದೆ. ಈಗ ಮಕ್ಕಳಿಗೆ ಅದನ್ನೇ ಮಾಡಿಸುತ್ತೇನೆ.

ಬಾಟಲಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ನಾನು ಉದ್ದ ಬರೆಯುತ್ತೇನೆ.

ಎಲೈಟ್ ಓಟಗಾರರಿಗೆ ಪ್ರತಿ 5 ಕಿಲೋಮೀಟರಿಗೆ ಒಂದು ಟೇಬಲ್. ಒಟ್ಟು ಎಂಟು. ಟೇಬಲ್ ಮೇಲೆ ನಿಮ್ಮದೇ ಬಾಟಲಿ ಇರುತ್ತದೆ. ಹಿಂದಿನ ದಿನ ಮೀಟಿಂಗ್‌ನಲ್ಲಿ ಎಂಟು ಬಾಟಲಿಗಳನ್ನು ಎಂಟು ಕ್ರೇಟ್‌ಗೆ ಹಾಕಿ ಕೊಡಬೇಕು. ರಾತ್ರಿಯೆಲ್ಲ ಅವು ಎಲ್ಲೋ ಇರುತ್ತವೆ, ಬೆಳಗ್ಗೆ ರಸ್ತೆಗೆ ಬರುತ್ತವೆ.

ನನ್ನ ಮೊದಲ ದೊಡ್ಡ ಓಟಕ್ಕೆ ಅಮ್ಮ ಬೆಲ್ಲದ ಪಾನಕ ಮಾಡಿಕೊಟ್ಟಿದ್ದರು. ನಿಂಬೆಹಣ್ಣು, ಏಲಕ್ಕಿ ಎಲ್ಲ ಹಾಕಿ. 10ನೇ ಕಿಲೋಮೀಟರ್‌ನಲ್ಲಿ ಬಾಯಿಗಿಟ್ಟರೆ ಹುಳಿ ಬಂದಿದೆ. ಉಗಿದೆ. 20ರಲ್ಲೂ ಅದೇ. 25ರಲ್ಲಿ ಬಾಟಲಿಯೇ ಸಿಗಲಿಲ್ಲ. ಹೆಸರನ್ನು ಸ್ಕೆಚ್ ಪೆನ್ನಿನಲ್ಲಿ ಕಾಗದದ ಮೇಲೆ ಬರೆದು ಅಂಟಿಸಿದ್ದೆ, ಇಬ್ಬನಿಗೆ ಒದ್ದೆಯಾಗಿ ಬಿದ್ದುಹೋಗಿತ್ತು. ಹತ್ತು ಬಾಟಲಿ ಒಂದೇ ಥರ ಕೂತಿವೆ, ಯಾವುದು ನನ್ನದು? ನಿಂತು ನೋಡುವ ಹಾಗಿಲ್ಲ. 33ಕ್ಕೆ ಕಾಲು ಕಲ್ಲಾಯಿತು. ಓಟಗಾರರು 'ವಾಲ್' ಅನ್ನೋದು ಇದನ್ನೇ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಖಾಲಿ. 2:41ಕ್ಕೆ ಮುಗಿಸಿದೆ. ಕೊನೆಯ ಎರಡು ಕಿಲೋಮೀಟರ್‌ನಲ್ಲಿ ನನ್ನನ್ನು ದಾಟಿದವರಲ್ಲಿ ಒಬ್ಬರು ಐವತ್ತು ದಾಟಿದ ಬ್ಯಾಂಕ್ ಮ್ಯಾನೇಜರ್.

ಈಗ ನಾನು ಹೇಳಿಕೊಡುವುದು ಹೀಗೆ.

ಚಿಕ್ಕ, ಮೆತ್ತಗಿನ, ಹಿಂಡಬಹುದಾದ ಬಾಟಲಿ ತಗೊಳ್ಳಿ, 200 ಮಿ.ಲೀ. ಸಾಕು. ತುಂಬುವುದು 150. ಗ್ಲೂಕೋಸ್ ಪುಡಿ ಮತ್ತು ಸಕ್ಕರೆ ಸೇರಿ ಒಂದು ಬಾಟಲಿಗೆ 20ರಿಂದ 25 ಗ್ರಾಂ, ಚಿಟಿಕೆ ಉಪ್ಪು. ಗಂಟೆಗೆ 60ರಿಂದ 90 ಗ್ರಾಂ ದೇಹಕ್ಕೆ ಹೋಗಬೇಕು ಅನ್ನೋದು ಲೆಕ್ಕ. ಬರೀ ಗ್ಲೂಕೋಸ್ ಬೇಡ. ಸಕ್ಕರೆಯಲ್ಲಿ ಫ್ರಕ್ಟೋಸ್ ಕೂಡ ಇದೆ, ಅದನ್ನು ಕರುಳು ಬೇರೆ ದಾರಿಯಿಂದ ಹೀರಿಕೊಳ್ಳುತ್ತದೆ, ಹಾಗಾಗಿ ಎರಡೂ ಸೇರಿದರೆ ಹೆಚ್ಚು ಒಳಗೆ ಹೋಗುತ್ತದೆ. ನಿಂಬೆ, ಬೆಲ್ಲ, ಹಾಲು ಯಾವುದೂ ಬೇಡ, ರಾತ್ರಿ ಕಳೆಯಬೇಕಲ್ಲ.

ಬಾಟಲಿಗೆ ಕಿವಿ ಮಾಡಿ. ದಪ್ಪ ತಂತಿಯನ್ನು ಬಳೆ ಹಾಗೆ ಬಗ್ಗಿಸಿ, ಇನ್ಸುಲೇಷನ್ ಟೇಪ್ ಸುತ್ತಿ, ಮೇಲೆ ನಿಲ್ಲುವ ಹಾಗೆ ಕಟ್ಟಿ. ಬೆರಳು ತೂರಿಸಿದರೆ ಸಾಕು, ಹಿಡಿಯಬೇಕಿಲ್ಲ. ಅದಕ್ಕೆ ದೂರದಿಂದ ಕಾಣುವ ಏನಾದರೂ ಕಟ್ಟಿ. ನಾನು ಹಳದಿ ಕೆಂಪು ರಿಬ್ಬನ್ ಕಟ್ಟುತ್ತಿದ್ದೆ. ಪಂಜಾಬಿನ ಹುಡುಗನೊಬ್ಬ "ಇದೇನ್ ಮದುವೆ ಬಾಟಲಿನಾ?" ಅಂತ ಹಿಂದಿಯಲ್ಲಿ ಕೇಳಿದ. ಅವನ ಬಾಟಲಿ 30ರಲ್ಲಿ ಸಿಗಲಿಲ್ಲ, ನನ್ನದು ಸಿಕ್ಕಿತು.

ಎತ್ತಿಕೊಳ್ಳೋದು ಒಂದು ವಿದ್ಯೆ. ಕಿಲೋಮೀಟರಿಗೆ 3:20ರಂತೆ ಓಡಿದರೆ ಸೆಕೆಂಡಿಗೆ ಐದು ಮೀಟರ್ ಹೋಗುತ್ತೀರಿ. ಟೇಬಲ್ ಅಷ್ಟು ಉದ್ದವೂ ಇರಲ್ಲ. ಐವತ್ತು ಮೀಟರ್ ಮುಂಚೆಯೇ ಟೇಬಲ್ ಕಡೆಗೆ ಸರಿಯಿರಿ. ಮುಂದಿನವನ ಬೆನ್ನಿಗೆ ಅಂಟಿಕೊಂಡಿರಬೇಡಿ, ಅವನು ಎಡವಿದರೆ ನೀವೂ ಬಿದ್ದಿರಿ. ಕಣ್ಣು ರಿಬ್ಬನ್ ಮೇಲೆ. ಕೈಯನ್ನು ಚಾಚಿ ನಿಲ್ಲಿಸಬೇಡಿ. ಬಾಟಲಿ ದಾಟುವಾಗ ಕೈ ಸ್ವಲ್ಪ ಹಿಂದಕ್ಕೆ ಬಿಡಿ, ಓಡುವ ಬಸ್ಸಿನಿಂದ ಚೀಲ ಕೊಟ್ಟಾಗ ಕೈ ಹೇಗೆ ಹಿಂದೆ ಹೋಗುತ್ತದೋ ಹಾಗೆ. ತಲೆ ಹಿಂದಕ್ಕೆ ಬಾಗಿಸಿ ಕುಡಿಯಬೇಡಿ. ಬಾಯಿಯ ಪಕ್ಕದಲ್ಲಿಟ್ಟು ಹಿಂಡಿ, ಒಂದು ಗುಟುಕು, ಹತ್ತು ಹೆಜ್ಜೆ, ಇನ್ನೊಂದು ಗುಟುಕು. 400 ಮೀಟರ್‌ನಲ್ಲಿ ಮುಗಿಸಿ.

ಇದನ್ನು ಲಲಿತಮಹಲ್ ರಸ್ತೆಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಅಭ್ಯಾಸ ಮಾಡಿಸುತ್ತೇನೆ. ಮೊದಲ ವಾರ ಸ್ಟೂಲೇ ಹಾರಿ ಹೋಗುತ್ತದೆ. ಟೀ ಅಂಗಡಿಯವರಿಗೆ ಒಳ್ಳೇ ಮನರಂಜನೆ.

ಇದೆಲ್ಲ ಚಿಲ್ಲರೆ ವಿಷಯ ಅನ್ನಿಸಿದರೆ ಬರ್ಲಿನ್ 2018ರ ವಿಡಿಯೊ ನೋಡಿ. ಕ್ಲೌಸ್ ಹೆನಿಂಗ್ ಶುಲ್ಕೆ ಅಂತ ಒಬ್ಬ ಸ್ವಯಂಸೇವಕರು. ಸೈಕಲ್ ತುಳಿದು ಟೇಬಲ್‌ನಿಂದ ಟೇಬಲ್‌ಗೆ ಹೋಗಿ ಕಿಪ್ಚೋಗೆ ಕೈಗೇ ಬಾಟಲಿ ಕೊಟ್ಟವರು. ಪ್ರತಿ ಸಲ ಕೊಟ್ಟ ಮೇಲೆ ಗಾಳಿಗೆ ಗುದ್ದಿ ಕುಣಿಯುತ್ತಾರೆ. ಅವತ್ತು ಕೊನೆಯ ಪೇಸ್‌ಮೇಕರ್, ಅಂದರೆ ವೇಗ ಹಿಡಿಸೋಕೆ ಮುಂದೆ ಓಡುವವನು, 25 ಕಿ.ಮೀ.ಗೆ ಬಿಟ್ಟುಹೋದ, ಉಳಿದ 17 ಕಿ.ಮೀ. ಕಿಪ್ಚೋಗೆ ಒಬ್ಬರೇ ಓಡಿ 2:01:39ರ ವಿಶ್ವದಾಖಲೆ ಮಾಡಿದರು. ಅದೇ ಬರ್ಲಿನ್‌ನಲ್ಲಿ 2015ರಲ್ಲಿ ಶೂ ಒಳಗಿನ ಮೆತ್ತೆ ಹೊರಗೆ ಬಂದು ಪಟಪಟ ಹೊಡೆಯುತ್ತಿತ್ತು. ಹಾಗೇ ಓಡಿ 2:04:00ಕ್ಕೆ ಗೆದ್ದರು, ಕಾಲೆಲ್ಲ ಗುಳ್ಳೆ. ನಮ್ಮಂಥವರು ಆ ಸ್ಥಿತಿಯಲ್ಲಿ ಪಕ್ಕಕ್ಕೆ ಕೂರುತ್ತೇವೆ. ಅದಕ್ಕೇ ರೇಸ್ ಶೂವನ್ನು ಮನೆಯಲ್ಲೇ ಒಂದು ಉದ್ದ ಓಟಕ್ಕೆ ಹಾಕಿ ನೋಡಿ. ಅಡಿಯೊಳಗೆ ಕಾರ್ಬನ್ ತಗಡು ಇರೋ 'ಕಾರ್ಬನ್ ಪ್ಲೇಟ್' ಶೂ ರೇಸಿಗೆ ಮಾತ್ರ, ದಿನಾ ಬೇಡ. ಅಡಿ 40 ಮಿ.ಮೀ.ಗಿಂತ ದಪ್ಪ ಇದ್ದರೆ ಅನರ್ಹ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಮೂತ್ರ

ಗೆದ್ದ ತಕ್ಷಣ ಡೋಪ್ ಪರೀಕ್ಷೆಯವರು, ಅಂದರೆ ನಿಷೇಧಿತ ಔಷಧ ತಗೊಂಡಿದ್ದೀರಾ ಅಂತ ನೋಡುವವರು, ಒಬ್ಬರು ಬಂದು ನಿಮ್ಮ ಹೆಗಲು ಮುಟ್ಟಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ನೆರಳಿನ ಹಾಗೆ ಹಿಂದೆಯೇ ಬರುತ್ತಾರೆ. 90 ಮಿ.ಲೀ. ಮೂತ್ರ ಕೊಡಬೇಕು, ಅವರ ಕಣ್ಣೆದುರೇ. 42 ಕಿ.ಮೀ. ಓಡಿ ಬತ್ತಿದ ದೇಹದಲ್ಲಿ ಎಲ್ಲಿಂದ ಬರಬೇಕು? ನಾನು ಎರಡೂವರೆ ಗಂಟೆ ಕೂತಿದ್ದೆ. ಬಾಟಲಿ ಬಾಟಲಿ ನೀರು ಕುಡಿದು ಹೊಟ್ಟೆ ತಮಟೆ. ಸೀಲ್ ಇರೋ ಬಾಟಲಿಯನ್ನು ನೀವೇ ಆರಿಸಿ, ನೀವೇ ತೆರೆದು ಕುಡಿಯಿರಿ. ಬೇರೆ ಯಾರು ಕೊಟ್ಟಿದ್ದನ್ನೂ ಕುಡಿಯಬೇಡಿ, ಅತ್ತೆ ಮಗನೇ ಕೊಟ್ಟರೂ.

ಸ್ವಲ್ಪ ಹೆಸರು ಬಂದ ಮೇಲೆ ಪರೀಕ್ಷೆಯ ಪಟ್ಟಿಗೆ ಸೇರಿಸುತ್ತಾರೆ. ಆಗ ದಿನಕ್ಕೆ ಒಂದು ಗಂಟೆ ಎಲ್ಲಿರ್ತೀನಿ ಅಂತ ಮುಂಚೆಯೇ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಏನೂ ತಿನ್ನದಿದ್ದರೂ ನಿಷೇಧ. 2013ರಲ್ಲಿ 2:03:23ರ ವಿಶ್ವದಾಖಲೆ ಮಾಡಿದ ವಿಲ್ಸನ್ ಕಿಪ್ಸಾಂಗ್ ಹೀಗೇ ಹೋದರು. ಪರೀಕ್ಷೆ ತಪ್ಪಿಸಿದ್ದು, ಅದಕ್ಕೆ ಸುಳ್ಳು ಕಾರಣ ಕೊಟ್ಟಿದ್ದು. 2020ರಲ್ಲಿ ನಾಲ್ಕು ವರ್ಷ ನಿಷೇಧ. ನಮ್ಮ ಹುಡುಗರು ಬೀಳುವುದು ಇನ್ನೊಂದು ಕಡೆ: ಜಿಮ್‌ನವನು ಕೊಟ್ಟ ಡಬ್ಬಿ, ನೆಗಡಿಗೆ ಕುಡಿದ ಸಿರಪ್, "ಶಕ್ತಿ ಬರುತ್ತೆ" ಅನ್ನೋ ಚೂರ್ಣ. ಒಳಗೆ ಏನಿತ್ತು ಗೊತ್ತಿರಲಿಲ್ಲ ಅಂದರೂ ಹೊಣೆ ನಿಮ್ಮದೇ. ಮೆಡಿಕಲ್ ಶಾಪಿನಲ್ಲಿ "ನಾನು ಅಥ್ಲೀಟ್" ಅಂತ ಹೇಳಿ, ಔಷಧದ ಹೆಸರು ನಿಷೇಧಿತ ಪಟ್ಟಿಯಲ್ಲಿದೆಯಾ ನೋಡಿ, ಆಮೇಲೆ ನುಂಗಿ.

ದುಡ್ಡು

ಮುಂಬೈಯಲ್ಲಿ ಭಾರತೀಯರಲ್ಲಿ ಮೊದಲು ಬಂದರೆ 5 ಲಕ್ಷ ಸಿಗುತ್ತಿತ್ತು. ಒಟ್ಟಾರೆ ಗೆದ್ದವರಿಗೆ 50,000 ಡಾಲರ್. ಬಾಸ್ಟನ್ ಗೆದ್ದರೆ ಒಂದೂವರೆ ಲಕ್ಷ ಡಾಲರ್. ಪೇಪರಿನಲ್ಲಿ ಓದಿ ಕಣ್ಣರಳಿಸಬೇಡಿ. ಡೋಪ್ ಫಲಿತಾಂಶ ಬರೋವರೆಗೆ ದುಡ್ಡು ಬರಲ್ಲ, ತಿಂಗಳುಗಟ್ಟಲೆ ಆಗಬಹುದು. ತೆರಿಗೆ ಹಿಡಿಯುತ್ತಾರೆ. ಏಜೆಂಟ್ ಇದ್ದರೆ ಸಾಮಾನ್ಯವಾಗಿ ನೂರಕ್ಕೆ ಹದಿನೈದು. ದೊಡ್ಡವರ ನಿಜವಾದ ಸಂಪಾದನೆ ಬಹುಮಾನದಲ್ಲಿಲ್ಲ, ಓಟಕ್ಕೆ ಬರೋಕೇ ಕೊಡುವ ಹಣ ಮತ್ತು ಶೂ ಕಂಪನಿ ಒಪ್ಪಂದದಲ್ಲಿದೆ. ಒಪ್ಪಂದ ಬಂದರೆ ಒಂದು ಸಾಲು ಹುಡುಕಿ ಓದಿ: ಗಾಯವಾಗಿ ವರ್ಷಕ್ಕೆ ಇಷ್ಟು ಓಟ ಓಡದಿದ್ದರೆ ಎಷ್ಟು ಕಡಿತ? ಆ ಸಾಲು ಬಹುತೇಕ ಇದ್ದೇ ಇರುತ್ತದೆ.

ಕೀನ್ಯಾದ ಓಟಗಾರರು ದುಡ್ಡು ಬಂದ ಕೂಡಲೇ ಜಮೀನು, ಹಸು, ಎಲ್ಡೊರೆಟ್‌ನಲ್ಲಿ ಕಟ್ಟಡ ಅಂತ ಹಾಕುತ್ತಾರೆ. ನನ್ನ ಮೊದಲ ಬಹುಮಾನದಲ್ಲಿ ನಾನು ತೆಗೆದುಕೊಂಡಿದ್ದು ಪಲ್ಸರ್ ಬೈಕ್. ಎರಡನೆಯದರಲ್ಲಿ ಅಮ್ಮ ಜಬರದಸ್ತಿನಿಂದ ಬೋರ್‌ವೆಲ್ ಕೊರೆಸಿದರು. ಬೈಕ್ ಗುಜರಿಗೆ ಹೋಯಿತು. ಬೋರ್‌ವೆಲ್‌ನಲ್ಲಿ ಈಗಲೂ ಎರಡಿಂಚು ನೀರಿದೆ.

ಆ ಹುಡುಗನ ಕಥೆ ಹೇಳಿಬಿಡ್ತೀನಿ. ಆರು ತಿಂಗಳಾಯಿತು. ಮೊದಲ ತಿಂಗಳು ಅಪ್ಪ ದಿನಾ ಫೋನ್ ಮಾಡಿ, ಪಕ್ಕದೂರಲ್ಲಿ 42 ಕಿ.ಮೀ. ಇದೆ, ಹತ್ತು ಸಾವಿರ ಇದೆ ಅಂತಿದ್ದರು. ಈಗ ಮಾಡಲ್ಲ. ಹೋದ ಮಂಗಳವಾರ 5,000 ಮೀಟರ್ 15:52 ಓಡಿದ. ಶುರುವಿನಲ್ಲಿ 16:40 ಇತ್ತು. ನೋಟ್‌ಬುಕ್ ತಂದು ತೋರಿಸಿದ. ನೋವು ಎಲ್ಲಿ ಅನ್ನೋ ಕಡೆ "ಎಲ್ಲೂ ಇಲ್ಲ, ಹಸಿವು" ಅಂತ ಬರೆದಿದ್ದ.